ಅರ್ಧ ಆಂಪಿಯರಿಗೆ ಎಷ್ಟು ಮಿಲಿ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರೆಲ್ಲ ಎಲೆಕ್ಟ್ರಾನಿಕ್ಸ್ ಬಲ್ಲವರು ಎಂಬ ನಂಬಿಕೆ, ನಾವು ಬಾಡಿಗೆಗಿದ್ದ ಹೆಬ್ಬಗೋಡಿಯ ಆ ಬೀದಿಯಲ್ಲಿ ಬಲವಾಗಿತ್ತು. ಆ ನಂಬಿಕೆಯನ್ನು ಹುಟ್ಟುಹಾಕಿದವನು ನಾನಲ್ಲ. ಆದರೆ ಅದು ಬಾಡದಂತೆ ಆಗಾಗ ನೀರು ಹಾಕಿದವನು ನಾನೇ. ಸರ್ಕ್ಯೂಟ್ ಬೋರ್ಡ್ ತಯಾರಿಸುವ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ನಾನಿದ್ದೆ. ಒಂದೇ ಒಂದು ಬೋರ್ಡನ್ನೂ ಕೈಯಲ್ಲಿ ಹಿಡಿದು ನೋಡಿದವನಲ್ಲ. ಅವುಗಳ ಬಿಲ್ಲುಗಳನ್ನು ಮಾತ್ರ ಹಿಡಿದಿದ್ದೆ. ಆದರೂ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡಿಸಿಕೊಂಡು ಸಂಜೆ ಬಸ್ಸಿಳಿದು ಬರುವಾಗ ಯಾರಾದರೂ, "ಸಾರ್, ನಮ್ಮ ಟೀವೀಲಿ ಗೆರೆ ಗೆರೆ ಬರ್ತಿದೆ, ಯಾಕಿರಬಹುದು?" ಎಂದು ಕೇಳಿದರೆ, "ಸಿಗ್ನಲ್ ವೀಕು" ಎಂದು ಗಂಭೀರವಾಗಿ ಹೇಳಿ ಮುಂದೆ ಹೋಗುತ್ತಿದ್ದೆ. ಮರುದಿನ ಗೆರೆಗಳು ತಾವಾಗಿಯೇ ಹೋಗಿರುತ್ತಿದ್ದವು. ಕೀರ್ತಿ ಮಾತ್ರ ನನಗೆ!

ನಮ್ಮ ಮನೆಯ ಓನರು ನಂಜಮ್ಮ. ಅವರೂ ಅವರ ಗಂಡ ಮುನಿರಾಜಪ್ಪನವರೂ ಕೆಳಗಿನ ಮನೆಯಲ್ಲಿದ್ದರು. ನಾನು ಮತ್ತು ನನ್ನ ಹೆಂಡತಿ ವನಜ ಮೇಲಿನ ಮನೆಯಲ್ಲಿ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು. ಉಳಿದ ಒಂದಿಷ್ಟು ನೆಲಕ್ಕೆ ಮುನಿರಾಜಪ್ಪನವರು ಇನ್ನೂ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು. ಅವರ ಒಬ್ಬಳೇ ಮಗಳು ಪವಿತ್ರ. ಬಿ.ಎಸ್ಸಿ. ಮುಗಿಸಿದ್ದಳು. ಆನೇಕಲ್ ಕಡೆಯ ಒಂದು ಒಳ್ಳೆಯ ಸಂಬಂಧ ಬಂದು, ಹುಡುಗ-ಹುಡುಗಿ ಒಪ್ಪಿಯೂ ಆಗಿತ್ತು. ಆದರೆ ಹುಡುಗನ ತಾಯಿ ಸರೋಜಮ್ಮನವರಿಗೆ ಒಂದು ಅನುಮಾನ. "ಹುಡುಗಿ ಬಾಯೇ ಬಿಡಲ್ವಲ್ಲ. ನಮ್ಮನೇಲಿ ಹೆಂಗೆ ಹೊಂದ್ಕೋತಾಳೋ" ಎಂದು ಮಧ್ಯವರ್ತಿಯ ಹತ್ತಿರ ಅಂದಿದ್ದರಂತೆ.

ಸರೋಜಮ್ಮ ಪ್ರತಿವರ್ಷ ನವರಾತ್ರಿಗೆ ಗೊಂಬೆ ಕೂರಿಸುವವರು. ಫೋನಿನಲ್ಲಿ ಆ ಮಾತು ಬಂದಾಗ ನಂಜಮ್ಮ ಉತ್ಸಾಹದಲ್ಲಿ, "ನಾವೂ ಕೂರುಸ್ತೀವಲ್ಲಾ! ಬಂದ್ ನೋಡ್ಕಂಡೋಗಿ!" ಎಂದುಬಿಟ್ಟರು. ಅವರ ಮನೆಯಲ್ಲಿ ಇದ್ದ ಗೊಂಬೆ ಎಂದರೆ ಟೀವಿ ಮೇಲಿನ ಒಂದು ಪ್ಲಾಸ್ಟಿಕ್ ಗಿಳಿ. ಫೋನಿಟ್ಟ ಮರುಗಳಿಗೆ ಮೆಟ್ಟಿಲು ಹತ್ತಿ ಓಡಿ ಬಂದರು.

"ವನಜಮ್ಮಾ, ನೀವು ಮೈಸೂರ್ ಕಡೇರು. ನಿಮ್ತಾವ ಗೊಂಬೆ ಅವೆ. ಈ ಸಲ ನಮ್ ಹಾಲಲ್ಲೇ ಕೂರುಸ್ಬುಡಿ. ನನ್ ಮಾನ ಉಳ್ಸಿ."

ವನಜ ಸಂತೋಷದಿಂದ ಒಪ್ಪಿದಳು. ಅವಳ ಅಮ್ಮ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು, ಚನ್ನಪಟ್ಟಣದ ಮರದ ವಾದ್ಯಗಾರರು, ತೊಟ್ಟಿಲಲ್ಲಿ ಮಲಗಿದ ಕೃಷ್ಣ, ಎಲ್ಲವೂ ಅಟ್ಟದ ಪೆಟ್ಟಿಗೆಯಲ್ಲಿದ್ದವು. ಎಲ್ಲವೂ ಸುಸೂತ್ರವಾಗಿ ನಡೆಯುವುದಿತ್ತು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ.

"ನಂಜಮ್ಮನೋರೇ, ಸುಮ್ಮನೆ ಕೂತಿರೋ ಗೊಂಬೆ ಎಲ್ಲರ ಮನೇಲೂ ಇರತ್ತೆ. ನಾನು ನಿಮಗೆ ಕರೆಂಟಿನಿಂದ ಆಡೋ ಗೊಂಬೆ ಮಾಡಿಕೊಡ್ತೀನಿ. ವಾದ್ಯದವರು ತಿರುಗ್ತಾರೆ, ತೊಟ್ಟಿಲು ತೂಗತ್ತೆ, ಬೃಂದಾವನದ ಕಾರಂಜಿ ಚಿಮ್ಮತ್ತೆ!"

ನಂಜಮ್ಮನ ಕಣ್ಣು ಅರಳಿತು. "ಅಂಗೂ ಆಯ್ತದಾ ಸಾ?"

ವನಜ ನನ್ನ ಕಡೆ ತಿರುಗಿದಳು. "ರೀ, 'ಗೊಂಬೆ ಕೂರಿಸೋದು' ಅಂತಾರೆ. 'ಗೊಂಬೆ ಓಡಿಸೋದು' ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ?"

ಎಲೆಕ್ಟ್ರಾನಿಕ್ ಸಿಟಿಯ ಮನುಷ್ಯ ಅದನ್ನು ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನ ಆಫೀಸಿನ ಕ್ಯಾಂಟೀನಿನಲ್ಲಿ, ನನ್ನೆದುರು ಊಟಕ್ಕೆ ಕೂತಿದ್ದ ನಮ್ಮ ಕಂಪನಿಯ ಎಂಜಿನಿಯರ್ ಒಬ್ಬರನ್ನು, "ಈ ವೋಲ್ಟು, ಆಂಪಿಯರು, ವ್ಯಾಟು ಅಂದರೆ ಏನು ಸಾರ್? ಸುಮ್ಮನೆ ಕುತೂಹಲ" ಎಂದು ಕೇಳಿದೆ. ಆ ಪುಣ್ಯಾತ್ಮ ಅನ್ನ ಕಲಸುತ್ತಲೇ ವಿವರಿಸಿದರು. ತಾರಸಿಯ ಮೇಲೆ ನೀರಿನ ಟ್ಯಾಂಕ್ ಇದೆ ಎಂದುಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ನಲ್ಲಿಯಲ್ಲಿ ನೀರಿನ ಒತ್ತಡ ಅಷ್ಟು. ಅದು ವೋಲ್ಟ್. ನಲ್ಲಿಯಿಂದ ಎಷ್ಟು ನೀರು ಹರಿಯುತ್ತದೋ ಅದು ಆಂಪಿಯರ್. ಒತ್ತಡವನ್ನೂ ಹರಿವನ್ನೂ ಗುಣಿಸಿದರೆ ಬರುವ ಶಕ್ತಿ ವ್ಯಾಟ್. ಏಳುನೂರ ನಲವತ್ತಾರು ವ್ಯಾಟ್ ಸೇರಿದರೆ ಒಂದು ಕುದುರೆಯ ಶಕ್ತಿ, ಅಂದರೆ ಒಂದು ಎಚ್.ಪಿ. "ಇನ್ನು ಮಿಲಿ ಆಂಪಿಯರ್ ಅಂತ ಇದೆ. ಮಿಲಿ ಅಂದ್ರೆ..." ಎನ್ನುವಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಅವರು ಎದ್ದುಹೋದರು.

ನನಗೇನೂ ಬೇಸರವಾಗಲಿಲ್ಲ. ಮಿಲಿ ಎಂದರೆ ಚಿಲ್ಲರೆ ಎಂದು ಅರ್ಥವಾಗಿತ್ತು. ಅಷ್ಟು ವರ್ಷ ಅಕೌಂಟ್ಸಿನಲ್ಲಿ ಸವೆದವನಿಗೆ ಚಿಲ್ಲರೆ ಲೆಕ್ಕ ಹೇಳಿಕೊಡಬೇಕೆ? ರೂಪಾಯಿಗೆ ಪೈಸೆ ಇದ್ದ ಹಾಗೆ ಆಂಪಿಯರಿಗೆ ಮಿಲಿ ಆಂಪಿಯರ್. ಅರ್ಧ ರೂಪಾಯಿಗೆ ಐವತ್ತು ಪೈಸೆ, ಅರ್ಧ ಆಂಪಿಯರಿಗೆ ಐವತ್ತು ಮಿಲಿ. ಇಷ್ಟು ಸುಲಭದ ವಿದ್ಯೆಯನ್ನು ಓದಲು ಜನ ನಾಲ್ಕು ವರ್ಷ ಎಂಜಿನಿಯರಿಂಗ್ ಕಾಲೇಜಿಗೆ ಯಾಕೆ ಹೋಗುತ್ತಾರೆ ಎಂದು ಆಶ್ಚರ್ಯಪಟ್ಟೆ!

ಆ ಸಂಜೆಯಿಂದ ನನಗೆ ಒಂದು ಹೊಸ ಹುಚ್ಚು ಹಿಡಿಯಿತು. ಮನೆಯಲ್ಲಿ ಕರೆಂಟಿನಿಂದ ನಡೆಯುವ ಪ್ರತಿಯೊಂದನ್ನೂ ತಲೆಕೆಳಗು ಮಾಡಿ, ಬೆನ್ನಿನ ಮೇಲೆ ಅಂಟಿಸಿದ್ದ ಚೀಟಿ ಓದತೊಡಗಿದೆ. ಇಷ್ಟು ವರ್ಷ ಈ ಸಾಮಾನುಗಳ ಜೊತೆ ಬಾಳಿದ್ದೆ, ಅವುಗಳ ಬೆನ್ನು ನೋಡಿರಲಿಲ್ಲ. ಅಲ್ಲಿ ಏನೆಲ್ಲ ಬರೆದಿರುತ್ತದೆ! ಮಿಕ್ಸಿ ಐನೂರು ವ್ಯಾಟ್, ಅಂದರೆ ಮುಕ್ಕಾಲಿಗೂ ಕಮ್ಮಿ ಕುದುರೆ. ಇಸ್ತ್ರಿಪೆಟ್ಟಿಗೆ ಏಳುನೂರೈವತ್ತು ವ್ಯಾಟ್.

"ವನಜಾ! ನಮ್ಮ ಇಸ್ತ್ರಿಪೆಟ್ಟಿಗೇಲಿ ಪೂರ್ತಿ ಒಂದು ಕುದುರೆ ಇದೆ ಕಣೇ!"

"ಸಂತೋಷ. ನಾಳೆಯಿಂದ ನಿಮ್ಮ ಶರ್ಟನ್ನ ಆ ಕುದುರೆ ಕೈಲೇ ಇಸ್ತ್ರಿ ಮಾಡಿಸ್ಕೊಳ್ಳಿ."

ಜ್ಞಾನವನ್ನು ಮನೆಯೊಳಗೇ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ಕೆಳಗಿಳಿದು ಹೋದೆ. ಮುನಿರಾಜಪ್ಪನವರು ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಅವರ ಬೋರ್‌ವೆಲ್ಲಿನ ಮೋಟಾರು ಐದು ಎಚ್.ಪಿ. ಅದು ಅವರಿಗೆ ಬಲು ಹೆಮ್ಮೆಯ ವಿಷಯ. ನಾನು ಬೆರಳು ಮಡಿಚಿ ಲೆಕ್ಕ ಹಾಕಿ, "ನಿಮ್ಮ ಬೋರ್‌ವೆಲ್ ಮೋಟಾರು ಅಂದ್ರೆ ಐದು ಇಸ್ತ್ರಿಪೆಟ್ಟಿಗೆ ಅಷ್ಟೇ ಯಜಮಾನ್ರೇ" ಎಂದೆ.

ಅವರು ಬೀಡಿಯನ್ನು ಬಾಯಿಂದ ತೆಗೆದರು. "ಇಸ್ತ್ರಿಪೆಟ್ಟಿಗೆನಾ?"

"ಹೌದು. ಸರಿಯಾಗಿ ಐದು."

"ನಮ್ ಮೋಟ್ರು ಆರುನೂರ್ ಅಡಿಯಿಂದ ನೀರ್ ಎತ್ತುತದೆ ಸಾ. ನಿಮ್ ಇಸ್ತ್ರಿಪೆಟ್ಟಿಗೆ ಏನ್ ಎತ್ತುತದೆ?"

ಇದಕ್ಕೆ ಕ್ಯಾಂಟೀನಿನಲ್ಲಿ ಉತ್ತರ ಸಿಕ್ಕಿರಲಿಲ್ಲ. ಯಜಮಾನರು ಆ ವಾರವೆಲ್ಲ ನನ್ನನ್ನು ಕಂಡರೆ ಟವಲ್ ಕೊಡವಿ ಒಳಗೆ ಹೋಗುತ್ತಿದ್ದರು.

ಇನ್ನು ಗೊಂಬೆಗಳ ಕೆಲಸ. ವಾದ್ಯಗಾರರನ್ನು ನಿಲ್ಲಿಸಲು ಒಂದು ದುಂಡನೆಯ ಹಲಗೆ, ಅದನ್ನು ತಿರುಗಿಸಲು ಮೋಟಾರು, ತೊಟ್ಟಿಲು ತೂಗಲು ಇನ್ನೊಂದು ಪುಟ್ಟ ಮೋಟಾರು, ಕಾರಂಜಿಗೆ ಅಂಗೈಯಗಲದ ಪಂಪು, ಬಣ್ಣದ ಬಲ್ಬುಗಳು. ಎಲ್ಲವೂ ಹನ್ನೆರಡು ವೋಲ್ಟಿನವು. ಗೋಡೆಯ ಪ್ಲಗ್ಗಿನಲ್ಲಿ ಬರುವ ಇನ್ನೂರ ಮೂವತ್ತು ವೋಲ್ಟನ್ನು ಹನ್ನೆರಡಕ್ಕೆ ಇಳಿಸಲು ನಡುವೆ ಒಂದು ಅಡಾಪ್ಟರ್ ಬೇಕಿತ್ತು. ಹಲಗೆಯ ಮೋಟಾರಿನ ಮೇಲೆ ಅರ್ಧ ಆಂಪಿಯರ್ ಎಂದು ಬರೆದಿತ್ತು. ಪಂಪಿನ ಮೇಲೂ ಅರ್ಧ. ತೊಟ್ಟಿಲೂ ಬಲ್ಬುಗಳೂ ಸೇರಿ ಇನ್ನೊಂದು ಅರ್ಧ. ಒಟ್ಟು ಒಂದೂವರೆ ಆಂಪಿಯರ್. ಅಂದರೆ ನೂರೈವತ್ತು ಮಿಲಿ. ಹೊಸೂರು ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ.

"ಏನ್ ಲೋಡು ಸಾರ್?" ಎಂದ ಅಂಗಡಿಯವನು.

"ನೂರೈವತ್ತು ಮಿಲಿ ಆಂಪಿಯರ್" ಎಂದೆ, ಹುಟ್ಟಿದಾಗಿನಿಂದ ಅದೇ ಭಾಷೆ ಆಡಿದವನಂತೆ.

"ಮುನ್ನೂರು ಮಿಲೀದು ಇದೆ ಸಾರ್. ಹನ್ನೆರಡು ವೋಲ್ಟು."

ಬೇಕಾದ್ದಕ್ಕಿಂತ ಎರಡರಷ್ಟು! ಧಾರಾಳವಾಗಿ ತಂದೆ.

ಸರೋಜಮ್ಮ ಬರುವುದು ಭಾನುವಾರ ಸಂಜೆ ಎಂದು ನಿಗದಿಯಾಗಿತ್ತು. ಭಾನುವಾರ ಬೆಳಿಗ್ಗೆಯೇ ನಂಜಮ್ಮನ ಹಾಲಿನಲ್ಲಿ ಮೆಟ್ಟಿಲುಗಳನ್ನು ಜೋಡಿಸಿ, ಬಿಳಿ ಪಂಚೆ ಹಾಸಿ, ವನಜ ಗೊಂಬೆಗಳನ್ನು ಕೂರಿಸಿದಳು. ಅಷ್ಟಕ್ಕೇ ಹಾಲಿಗೆ ಹಬ್ಬದ ಕಳೆ ಬಂದಿತ್ತು. ನಾನು ಮೆಟ್ಟಿಲಿನ ಹಿಂದೆ ತೆವಳಿಕೊಂಡು ಹೋಗಿ ತಂತಿಗಳನ್ನೆಲ್ಲ ಸೇರಿಸಿ, ಅಡಾಪ್ಟರ್ ಸಿಕ್ಕಿಸಿ, "ಸ್ವಿಚ್ ಹಾಕಿ!" ಎಂದು ಕೂಗಿದೆ.

ನಂಜಮ್ಮ ಕೈಮುಗಿದು ಸ್ವಿಚ್ ಒತ್ತಿದರು.

ಬಲ್ಬುಗಳು ಆರುವ ಊದುಬತ್ತಿಯ ತುದಿಯಂತೆ ಕೆಂಪಗಾದವು. ಹಲಗೆ "ಊಂ..." ಎಂದು ನರಳಿತು, ತಿರುಗಲಿಲ್ಲ. ತೊಟ್ಟಿಲು ಒಮ್ಮೆ ಬೆಚ್ಚಿಬಿದ್ದು ಸುಮ್ಮನಾಯಿತು. ಕಾರಂಜಿಯಿಂದ ಯಾರೋ ಮುದುಕರು ಗಂಟಲು ಸರಿಮಾಡಿಕೊಂಡಂಥ ಸದ್ದು ಬಂತು. ಒಂದು ಗುಳ್ಳೆ ಎದ್ದಿತು. ಒಡೆಯಿತು. ಅಷ್ಟೇ.

"ಇದೇನ್ ಸಾ, ಕ್ರಿಷ್ಣಂಗೆ ಚಳಿಜ್ವರನಾ?" ಎಂದರು ನಂಜಮ್ಮ.

ಪವಿತ್ರ ಬಾಗಿಲ ಹತ್ತಿರ ನಿಂತಿದ್ದಳು. ಅಡಾಪ್ಟರನ್ನು ಮುಟ್ಟಿ ನೋಡಿ, "ಅಂಕಲ್, ಇದು ಸುಡ್ತಿದೆ. ಇದರ ಕರೆಂಟ್ ರೇಟಿಂಗು..." ಎಂದು ಮೆಲ್ಲಗೆ ಶುರುಮಾಡಿದಳು.

"ನೀನು ಹೋಗಿ ರೆಡಿಯಾಗಮ್ಮಾ. ಅದೆಲ್ಲ ನಾನು ನೋಡ್ಕೋತೀನಿ" ಎಂದೆ. ಹೋದಳು. ಆ ಮನೆಯಲ್ಲಿ ಆ ಹುಡುಗಿ ಬಾಯಿಬಿಟ್ಟಾಗಲೆಲ್ಲ ಯಾರಾದರೊಬ್ಬರು ಹೀಗೆಯೇ ಹೇಳುತ್ತಿದ್ದರು.

ನಾನು ಕೂತು ಯೋಚಿಸಿದೆ. ಹರಿವು ಎರಡರಷ್ಟಿದೆ. ಆದರೂ ನೀರು ಬರುತ್ತಿಲ್ಲ. ಅಂದರೆ ಟ್ಯಾಂಕಿನ ಎತ್ತರ ಸಾಲದು! ಒತ್ತಡ ಕಮ್ಮಿ! ನಮ್ಮ ಕಡೆ ಫ್ಯಾನು ನಿಧಾನವಾದರೂ ಟ್ಯೂಬ್‌ಲೈಟ್ ಮಿಣುಕಿದರೂ ಎಲ್ಲರೂ ಹೇಳುವುದು ಅದನ್ನೇ ಅಲ್ಲವೆ, "ವೋಲ್ಟೇಜ್ ಇಲ್ಲ" ಅಂತ? ಮತ್ತೆ ಅಂಗಡಿಗೆ ಓಡಿದೆ. ಭಾನುವಾರ ಮಧ್ಯಾಹ್ನ ಅವನು ಬಾಗಿಲು ಹಾಕಿ ಊಟಕ್ಕೆ ಹೋಗಿದ್ದ. ಕಾದು ಕಾದು, ಅವನು ಬಂದ ಮೇಲೆ ಕೇಳಿದೆ:

"ಇಪ್ಪತ್ನಾಲ್ಕು ವೋಲ್ಟಿನ ಅಡಾಪ್ಟರ್ ಕೊಡಿ."

"ಹನ್ನೆರಡು ವೋಲ್ಟಿನ ಸಾಮಾನಿಗೆ ಇಪ್ಪತ್ನಾಲ್ಕಾ ಸಾರ್?"

"ಒತ್ತಡ ಸಾಲ್ತಿಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ, ರಜೆಯ ದಿನವೂ ಕೊರಳಲ್ಲೇ ಇದ್ದ ಕಂಪನಿಯ ಗುರುತಿನ ಚೀಟಿ ನೋಡಿದ. "ಸರಿ ಸಾರ್, ನಿಮಗೆ ಗೊತ್ತಿರತ್ತೆ. ಇದು ಮೂರು ಆಂಪಿಯರಿಂದು."

ಮೂರು ಆಂಪಿಯರ್! ನಾನು ಗಾಬರಿಯಾಗಲಿಲ್ಲ. ಮೂರು ರೂಪಾಯಿಗೆ ಮುನ್ನೂರು ಪೈಸೆ. ಹಳೆಯದೂ ಮುನ್ನೂರು ಮಿಲಿ, ಇದೂ ಮುನ್ನೂರು ಮಿಲಿ. ಹರಿವು ಅಷ್ಟೇ, ಎತ್ತರ ಮಾತ್ರ ದುಪ್ಪಟ್ಟು. ಇದಕ್ಕಿಂತ ಕ್ಷೇಮವಾದ ವ್ಯವಸ್ಥೆ ಬೇರೆ ಇದೆಯೆ?

ನಾನು ಮನೆ ಸೇರುವ ಹೊತ್ತಿಗೆ ಗೇಟಿನ ಮುಂದೆ ಕಾರು ನಿಂತಿತ್ತು. ಸರೋಜಮ್ಮ ಆಗಲೇ ಬಂದು ಗೊಂಬೆಗಳ ಎದುರಿಗಿನ ಸೋಫಾದಲ್ಲಿ ಕೂತಿದ್ದರು. ಕನಕಾಂಬರ ಬಣ್ಣದ ರೇಷ್ಮೆ ಸೀರೆ, ಕೈಯಲ್ಲಿ ಕೋಸಂಬರಿಯ ಬಟ್ಟಲು. ಪಕ್ಕದಲ್ಲಿ ಪವಿತ್ರ ತಲೆತಗ್ಗಿಸಿ, ತುಟಿ ಬಿಗಿದು ಕೂತಿದ್ದಳು. ಮುನಿರಾಜಪ್ಪನವರು ಹೊಸ ಪಂಚೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು.

"ಬಂದ್ರು ನೋಡಿ ನಮ್ ಎಲೆಕ್ಟ್ರಾನಿಕ್ಸ್ ಸಾರು!" ಎಂದು ನಂಜಮ್ಮ ಪರಿಚಯಿಸಿದರು. "ಗೊಂಬೆ ಎಲ್ಲಾ ಈಗ ಆಡ್ತವೆ!"

"ಹೌದಾ! ಆಡೋ ಗೊಂಬೆನಾ?" ಸರೋಜಮ್ಮ ಮುಂದಕ್ಕೆ ಬಾಗಿ ಕೂತರು. ಅವರ ಕುತೂಹಲ ನಿಜವಾದದ್ದು. "ಎಲ್ಲಿ, ತೋರಿಸಿ ನೋಡೋಣ."

ವನಜ ನನ್ನ ಹತ್ತಿರ ಬಂದು ಕಿವಿಯಲ್ಲಿ, "ರೀ, ಮೊದ್ಲು ಒಂದ್ಸಲ ಟೆಸ್ಟ್ ಮಾಡಿ" ಎಂದಳು. "ಲೆಕ್ಕ ಹಾಕಿದೀನಿ ಕಣೇ" ಎಂದು ಮೆಟ್ಟಿಲಿನ ಹಿಂದಕ್ಕೆ ತೆವಳಿದೆ. ಹೊಸ ಅಡಾಪ್ಟರ್ ಸಿಕ್ಕಿಸಿದೆ. "ಹಾಕಿ ಸ್ವಿಚ್!"

ಮೊದಲು ಬೆಳಕು ಬಂತು. ಬಣ್ಣದ ಬಲ್ಬುಗಳು ತಮ್ಮ ಬಣ್ಣವನ್ನೇ ಮರೆತು ಸೂರ್ಯನ ಹಾಗೆ ಬೆಳಗಿದವು. "ಆಹಾ!" ಎಂದರು ಸರೋಜಮ್ಮ. ಟಪ್! ಟಪ್! ಟಪ್! ಬಲ್ಬುಗಳು ಒಂದೊಂದಾಗಿ ಕಣ್ಮುಚ್ಚಿದವು. ಅಷ್ಟರಲ್ಲಿ ಕಾರಂಜಿ ಎದ್ದಿತು. ಬೃಂದಾವನದಲ್ಲೂ ನಾನು ಅಂಥ ಕಾರಂಜಿ ನೋಡಿಲ್ಲ! ನೆಟ್ಟಗೆ ಮೇಲಕ್ಕೆ ಹೋಗಿ, ಛಾವಣಿಗೆ ಬಡಿದು, ಅಲ್ಲಿಂದ ಹಾಲಿಗೆಲ್ಲ ಸಮನಾಗಿ ಹಂಚಿಕೆಯಾಯಿತು. ಮುನಿರಾಜಪ್ಪನವರ ಹೊಸ ಪಂಚೆಗೂ ಒಂದು ಪಾಲು ಸಿಕ್ಕಿತು.

ಹಲಗೆ ತಿರುಗತೊಡಗಿತು. ತಿರುಗಿತು ಎಂದರೆ ಸಾಲದು. ಚನ್ನಪಟ್ಟಣದ ವಾದ್ಯಗಾರರು ಕ್ಷಣಕಾಲ ಒಂದು ಬಣ್ಣದ ಪಟ್ಟಿಯಂತೆ ಕಂಡರು. ಆಮೇಲೆ ಕಛೇರಿ ಮುಗಿಸಿ ಹೊರಡತೊಡಗಿದರು. ಮೃದಂಗದವನು ಶೋಕೇಸಿನ ಗಾಜಿಗೆ ಹೋಗಿ ಬಡಿದ. ಪಿಟೀಲಿನವನು ಬಾಗಿಲ ಮೂಲಕ ಜಗಲಿಗೆ ಹೋದ. ನಾದಸ್ವರದವನು ನೇರವಾಗಿ ಸರೋಜಮ್ಮನ ಕೋಸಂಬರಿಯ ಬಟ್ಟಲಲ್ಲಿ ತಲೆಕೆಳಗಾಗಿ ಇಳಿದ.

"ಆಫ್ ಮಾಡ್ರೀ! ಆಫ್ ಮಾಡಿ!" ವನಜ ಕೂಗುತ್ತಿದ್ದಳು.

ನಾನು ಮೆಟ್ಟಿಲಿನ ಹಿಂದೆ, ಅದಕ್ಕೆ ಹಾಸಿದ್ದ ಒದ್ದೆ ಪಂಚೆಯಲ್ಲಿ ಸಿಕ್ಕಿಕೊಂಡಿದ್ದೆ. ಕೈಗೆ ಸಿಕ್ಕ ತಂತಿಯನ್ನು ಎಳೆದೆ. ಅದು ಯಾವ ತಂತಿಯೋ ದೇವರೇ ಬಲ್ಲ. ಅದನ್ನು ಎಳೆದದ್ದರಿಂದ ಆದದ್ದು ಇಷ್ಟೇ, ಹುಚ್ಚು ಹಿಡಿದಂತೆ ತೂಗುತ್ತಿದ್ದ ತೊಟ್ಟಿಲು ಮುಂದಕ್ಕೆ ವಾಲಿತು. ಕೃಷ್ಣ ಹೊರಟ! ಬೆಣ್ಣೆಯ ಮುದ್ದೆ ಹಿಡಿದ ಕೈ ಮುಂದೆ ಮಾಡಿಕೊಂಡು, ಗಾಳಿಯಲ್ಲಿ ಒಂದು ಲಾಗ ಹಾಕಿ, ಸರೋಜಮ್ಮನ ಮಡಿಲಿಗೆ ಬಿದ್ದ.

ವನಜ ಓಡಿಹೋಗಿ ಸ್ವಿಚ್ ಆರಿಸಿದಳು.

ಎಲ್ಲವೂ ನಿಂತಿತು. ಛಾವಣಿಯಿಂದ ಹನಿ ತೊಟ್ಟಿಕ್ಕುವ ಸದ್ದು ಮಾತ್ರ. ನಾನು ಮೆಟ್ಟಿಲಿನ ಹಿಂದಿನಿಂದ ತಲೆ ಹೊರಹಾಕಿದೆ. ಸರೋಜಮ್ಮನ ರೇಷ್ಮೆ ಸೀರೆ ಒದ್ದೆ. ಕುಂಕುಮ ಮೂಗಿನವರೆಗೆ ಇಳಿದಿತ್ತು. ಒಂದು ಕೈಯಲ್ಲಿ ಕೋಸಂಬರಿ ಮತ್ತು ನಾದಸ್ವರ, ಇನ್ನೊಂದು ಕೈಯಲ್ಲಿ ಕೃಷ್ಣ. ನಂಜಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಹೆಣ್ಣುಮಗುವಿನ ಮದುವೆಯನ್ನು ಒಂದು ಅಡಾಪ್ಟರಿನಿಂದ ಮುರಿದವನು ಎಂಬ ಬಿರುದು ನನಗೆ ಕಾದಿತ್ತು. ಅಲ್ಲೇ ಪಂಚೆಯೊಳಗೆ ಮತ್ತೆ ಹೋಗಿಬಿಡೋಣವೇ ಎನಿಸಿತು.

ನಂಜಮ್ಮನಿಗೆ ಮೊದಲು ಮಾತು ಬಂತು.

"ನೋಡಿ ಅಮ್ಮಾವ್ರೇ, ಇಷ್ಟು ಜನ ಇದ್ರೂ ಪರಮಾತ್ಮ ಯಾರ್ತಾವೂ ಹೋಗ್ನಿಲ್ಲ. ನಿಮ್ ಮಡ್ಲೇ ಹುಡುಕ್ಕಂಡ್ ಬಂದವ್ನೆ!"

ಸರೋಜಮ್ಮ ಮಡಿಲಿನ ಕೃಷ್ಣನನ್ನು ನೋಡಿದರು. ಸೆರಗಿನಿಂದ ಅವನ ಮುಖ ಒರೆಸಿದರು. ಆಮೇಲೆ ತಮ್ಮ ಮುಖ ಒರೆಸಿಕೊಂಡರು. "ಇಷ್ಟು ವರ್ಷದಿಂದ ಗೊಂಬೆ ಕೂರಿಸ್ತಿದೀನಿ" ಎಂದರು ನಿಧಾನವಾಗಿ. "ಒಂದು ದಿನಾನೂ ಒಂದು ಗೊಂಬೆ ನನ್ನ ಹತ್ರ ಎದ್ದು ಬಂದಿಲ್ಲ." ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೋ ಎಂದುಕೊಂಡೆ. ನಗುತ್ತಿದ್ದರು! ನಂಜಮ್ಮ ನಕ್ಕರು. ವನಜ ನಕ್ಕಳು. ನಗಲು ಹಕ್ಕಿಲ್ಲದವನು ನಾನೊಬ್ಬನೇ.

ಟವಲುಗಳು ಬಂದವು. ತಲೆ ಒರೆಸಿಕೊಳ್ಳುತ್ತ ನಂಜಮ್ಮ ಬೆಳಗಿನ ಚಳಿಜ್ವರದ ಕಥೆಯನ್ನೂ ಹೇಳಿದರು. ಶೋಕೇಸಿನ ಗಾಜು ಒಡೆದಿರಲಿಲ್ಲ. ಮರದ ವಾದ್ಯಗಾರರೂ ಅಲ್ಲಲ್ಲಿ ಬಣ್ಣ ಹೋದದ್ದು ಬಿಟ್ಟರೆ ಕ್ಷೇಮವಾಗಿದ್ದರು. ಸರೋಜಮ್ಮ ಹೊರಡುವ ಮಾತೇ ಆಡಲಿಲ್ಲ. ಅಡಾಪ್ಟರನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಬೆಳಿಗ್ಗೆ ಆಡಲೇ ಇಲ್ಲ ಅಂದ್ರಿ. ಈಗ ಇಷ್ಟೊಂದು ಆಡ್ತು. ಯಾಕೆ? ನನಗೆ ತಿಳ್ಕೋಬೇಕು."

ನಾನು ಒದ್ದೆ ಅಂಗಿಯಲ್ಲೇ ವಿವರಿಸಲು ನಿಂತೆ. ಟ್ಯಾಂಕು, ನಲ್ಲಿ, ಒತ್ತಡ, ಹರಿವು, ರೂಪಾಯಿ, ಪೈಸೆ. "ಲೆಕ್ಕ ಸರಿಯಾಗೇ ಇದೆ" ಎಂದೆ. "ಅರ್ಧ ಆಂಪಿಯರ್ ಅಂದ್ರೆ ಐವತ್ತು ಮಿಲಿ. ಒಂದೂವರೆ ಅಂದ್ರೆ ನೂರೈವತ್ತು. ನಾನು ತಂದಿದ್ದು ಮುನ್ನೂರರದ್ದು. ತೊಂದರೆ ಆ ಮೋಟಾರಿನಲ್ಲೇ ಇರಬೇಕು."

ವನಜ ಕಾಫಿ ಮಾಡಲು ಅಡುಗೆಮನೆಗೆ ಹೋಗಿದ್ದಳು. ಅಲ್ಲಿಂದ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಬಂದಳು. ಅದರ ತುದಿಯನ್ನು ಇನ್ನೂ ಕತ್ತರಿಸಿರಲಿಲ್ಲ.

"ರೀ, ಇದು ಎಷ್ಟು ಹಾಲು?"

"ಅರ್ಧ ಲೀಟರ್."

"ಇಲ್ಲಿ ಎಷ್ಟು ಮಿಲಿ ಅಂತ ಬರೆದಿದೆ, ಓದಿ."

ಓದಿದೆ. ಐನೂರು ಮಿಲಿ ಲೀಟರ್. ಪ್ರತಿದಿನ ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ತರುತ್ತಿದ್ದವನು ನಾನೇ.

"ಅರ್ಧ ಲೀಟರಿಗೆ ಐನೂರು ಮಿಲಿ ಆದ್ರೆ, ಅರ್ಧ ಆಂಪಿಯರಿಗೆ ಎಷ್ಟು ಮಿಲಿ?"

ಛಾವಣಿಯ ಹನಿ ಒಂದು ನನ್ನ ತಲೆಯ ಮೇಲೆಯೇ ಬಿತ್ತು.

"ಐ... ಐನೂರು" ಎಂದೆ.

"ಅಂದ್ರೆ ಬೇಕಾಗಿದ್ದು ಸಾವಿರದ ಐನೂರು ಮಿಲಿ. ನೀವು ತಂದಿದ್ದು ಮುನ್ನೂರು." ಅವಳು ನಂಜಮ್ಮನ ಕಡೆ ತಿರುಗಿದಳು. "ಐದು ಜನ ಊಟಕ್ಕೆ ಕೂತಿದಾರೆ, ಒಬ್ಬರಿಗಾಗೋಷ್ಟು ಅನ್ನ ಮಾಡಿದಾರೆ. ಎಲ್ಲರಿಗೂ ಹೊಟ್ಟೆ ತುಂಬಲಿಲ್ಲ ಅಂತ ಒಲೆ ಉರಿ ಜಾಸ್ತಿ ಮಾಡಿದಾರೆ."

ನನ್ನ ಹೆಂಡತಿ ಓದಿದ್ದು ಕನ್ನಡ ಎಂ.ಎ. ಕರೆಂಟಿನ ವಿಷಯವನ್ನು ಇಷ್ಟು ಸ್ಪಷ್ಟವಾಗಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಪಾಪ, ಗೊಂಬೆಗಳದ್ದೇನೂ ತಪ್ಪಿಲ್ಲ ಹಾಗಾದ್ರೆ" ಎಂದರು ಸರೋಜಮ್ಮ. "ಹನ್ನೆರಡು ವೋಲ್ಟು, ಸಾಕಷ್ಟು ಆಂಪಿಯರು ಕೊಟ್ಟಿದ್ರೆ ಆಡ್ತಿದ್ವು. ಈಗ ಅಂಥದ್ದು ಎಲ್ಲಿ ಸಿಗತ್ತೆ?"

ಎಲ್ಲರೂ ಅಭ್ಯಾಸಬಲದಿಂದ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಆಗ ಸೋಫಾದ ತುದಿಯಿಂದ ಒಂದು ದನಿ ಬಂತು.

"ಅಪ್ಪಾ, ಟ್ರ್ಯಾಕ್ಟರ್ ಬ್ಯಾಟ್ರಿ ಹನ್ನೆರಡು ವೋಲ್ಟೇ ಅಲ್ವಾ?"

ಪವಿತ್ರ! ಮುನಿರಾಜಪ್ಪನವರು ಒದ್ದೆ ಪಂಚೆ ಮೇಲೆ ಕಟ್ಟಿ ಹೊರಗೆ ಹೋದರು. ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನೆಲದ ಮೇಲಿಟ್ಟರು. ನಾನು ಬಗ್ಗಿ ಅದರ ಮೇಲಿನ ಚೀಟಿ ಓದಿದೆ. ಎಂಬತ್ತು ಎ.ಎಚ್. ಎಂದಿತ್ತು. ಎಂಬತ್ತು! ಮೂರಕ್ಕೇ ವಾದ್ಯಗಾರರು ಜಗಲಿ ಸೇರಿದ್ದರು. ನಾನು ಮೆಲ್ಲನೆ ಸೋಫಾದ ಹಿಂದಕ್ಕೆ ಸರಿದೆ.

"ಏನೂ ಆಗಲ್ಲ ಬನ್ನಿ ಅಂಕಲ್" ಎಂದಳು ಪವಿತ್ರ. "ಅದು ಆಂಪಿಯರ್-ಅವರ್. ಬ್ಯಾಟ್ರಿ ಎಷ್ಟು ಹೊತ್ತು ಬರತ್ತೆ ಅನ್ನೋ ಲೆಕ್ಕ. ಒಂದೂವರೆ ಆಂಪಿಯರ್ ಎಳೆದ್ರೆ ಐವತ್ತು ಗಂಟೆಗಿಂತ ಜಾಸ್ತಿ ಬರತ್ತೆ."

"ಮೂರು ಆಂಪಿಯರಿಗೆ ನಾವು ನೆಂದ್ವಲ್ಲಮ್ಮಾ?" ಎಂದರು ಸರೋಜಮ್ಮ.

"ನೆಂದಿದ್ದು ಆಂಪಿಯರಿಂದ ಅಲ್ಲ ಆಂಟಿ, ವೋಲ್ಟಿಂದ. ವೋಲ್ಟನ್ನ ನಾವು ಹೇರ್ತೀವಿ, ಆಂಪಿಯರನ್ನ ಅದೇ ಎಳ್ಕೊಳತ್ತೆ. ದೊಡ್ಡ ಕೆರೆ ಇದೆ ಅಂತ ಹಸು ಕೆರೆಯೆಲ್ಲ ಕುಡಿಯಲ್ಲ ಅಲ್ವಾ? ತನಗೆ ಬೇಕಾದಷ್ಟೇ ಕುಡಿಯತ್ತೆ. ಆದ್ರೆ ಬಾಯಿಗೆ ಪೈಪಿಟ್ಟು ಜೋರಾಗಿ ಬಿಟ್ರೆ? ಅಂಕಲ್ ಮಾಡಿದ್ದು ಅದನ್ನ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾತಾಡುತ್ತಲೇ ಅವಳು ತಂತಿಗಳನ್ನು ಸೇರಿಸಿದಳು. ಕೆಂಪು ಯಾವುದಕ್ಕೆ, ಕಪ್ಪು ಯಾವುದಕ್ಕೆ, ಯಾಕೆ ಎಂದೆಲ್ಲ ಸರೋಜಮ್ಮನಿಗೆ ತೋರಿಸಿದಳು. ಅವರು ಕಾಫಿ ಲೋಟ ಹಿಡಿದು ಅವಳ ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಅವಳು ಒಂದಕ್ಕೂ ತಡವರಿಸಲಿಲ್ಲ. ಕೊನೆಯ ತಂತಿ ಸೇರಿಸಿದಾಗ ಹಲಗೆ ಮೆಲ್ಲನೆ ತಿರುಗಿತು. ಮೃದಂಗದವನು ಗಂಭೀರವಾಗಿ ಒಂದು ಸುತ್ತು ಬಂದ. ಕಾರಂಜಿ ಗೇಣುದ್ದ ಎದ್ದು ತನ್ನ ಬಟ್ಟಲಿಗೇ ಬಿತ್ತು. ಸರೋಜಮ್ಮ ಕೃಷ್ಣನನ್ನು ತಮ್ಮ ಕೈಯಾರೆ ತೊಟ್ಟಿಲಲ್ಲಿ ಮಲಗಿಸಿದರು. ಅದು ತೂಗಿತು. ಬಲ್ಬುಗಳು ಸುಟ್ಟಿದ್ದರಿಂದ ನಂಜಮ್ಮ ಎರಡು ದೀಪ ಹಚ್ಚಿಟ್ಟರು. ಅದು ಇನ್ನೂ ಚೆನ್ನಾಗಿತ್ತು.

"ಹುಡುಗಿ ಮಾತೇ ಆಡಲ್ಲ ಅಂದ್ಕೊಂಡಿದ್ದೆ" ಎಂದರು ಸರೋಜಮ್ಮ, ನಂಜಮ್ಮನ ಕೈ ಹಿಡಿದು. "ಮಾತಾಡೋಕೆ ನಾವು ಬಿಟ್ಟಿರಲಿಲ್ಲ ಅಷ್ಟೇ. ದೀಪಾವಳಿ ಕಳೆದ ಮೇಲೆ ಒಳ್ಳೆ ದಿನ ನೋಡಿಸಿ."

ನಂಜಮ್ಮ ಅಳತೊಡಗಿದರು. ವನಜ ಅವರನ್ನು ಅಪ್ಪಿಕೊಂಡಳು. ಮುನಿರಾಜಪ್ಪನವರು ಕಂಬದ ಮರೆಯಲ್ಲಿ ಮೂಗು ಒರೆಸಿಕೊಂಡರು. ಅಂತೂ ನನ್ನಿಂದಲೇ ಈ ಮದುವೆ ನಿಶ್ಚಯವಾಯಿತು ಎಂಬ ಒಂದು ಆಲೋಚನೆ ನನ್ನೊಳಗೆ ಮೆಲ್ಲನೆ ತಲೆಯೆತ್ತುತ್ತಿತ್ತು. ನಾನು ಗುರುತಿನ ಚೀಟಿಯ ನೀರು ಒರೆಸಿ, ಅಂಗಿ ಸರಿಮಾಡಿಕೊಂಡು, ಸರೋಜಮ್ಮನನ್ನು ಕಾರಿನವರೆಗೆ ಕಳಿಸಿಕೊಡಲು ಹೋದೆ.

ಅವರು ಕಾರಿನ ಬಾಗಿಲ ಹತ್ತಿರ ನಿಂತು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವು ಕಂಪನೀಲಿ ಏನು ನೋಡ್ಕೊಳ್ತೀರಿ?"

ಇನ್ನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಅಕೌಂಟ್ಸ್" ಎಂದೆ.

"ಅಂದ್ರೆ, ಲೆಕ್ಕಪತ್ರ ಎಲ್ಲ ನೀವೇನಾ?"

"ಹೌದು, ನಾನೇ."

ಅವರ ಮುಖದಲ್ಲಿ ನಿಜವಾದ ಕಳವಳ ಮೂಡಿತು. ಸ್ವಲ್ಪ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದರು:

"ಕಂಪನಿ ಚೆನ್ನಾಗಿ ನಡೀತಿದೆ ತಾನೇ?"